ಮೂವತ್ತು ಸಲ ನಿಲ್ಲದ ಗಾಡಿ

"ನಿಮ್ಮ ಗಾಡಿ ನಿಲ್ತಾ ಇಲ್ಲ ಸ್ವಾಮಿ. ನಿಲ್ಲಬೇಕೋ ಬೇಡ್ವೋ ಅಂತ ಯೋಚನೆ ಮಾಡ್ತಾ ಇದೆ."

ಹೀಗೆಂದವರು ವಾಹನ ತಪಾಸಣೆಯ ಇನ್‌ಸ್ಪೆಕ್ಟರು. ಅನ್ನಿಸಿಕೊಂಡವರು ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು. ತಪಾಸಣೆಯ ಅಂಗಳದಲ್ಲಿ ಒಂದು ಬಿಳಿ ಗೆರೆ ಎಳೆದಿದ್ದರು. ಗಾಡಿ ಆ ಗೆರೆಯ ಈಚೆಗೆ ನಿಲ್ಲಬೇಕಿತ್ತು. ಅದು ಗೆರೆ ದಾಟಿ, ಹೂಕುಂಡಗಳ ಸಾಲು ದಾಟಿ, ಇನ್‌ಸ್ಪೆಕ್ಟರ ಕುರ್ಚಿಯನ್ನೂ ದಾಟಿ (ಪುಣ್ಯಕ್ಕೆ ಅವರು ಆಗ ಅದರಲ್ಲಿ ಕೂತಿರಲಿಲ್ಲ), ಗೋಡೆಗೆ ಇನ್ನು ಮೂರು ಗೇಣು ಅನ್ನುವಾಗ ನಿಟ್ಟುಸಿರು ಬಿಟ್ಟು ನಿಂತಿತ್ತು.

"ಸ್ವಲ್ಪ ಭಾರ ಜಾಸ್ತಿ ಸಾರ್," ಎಂದರು ಭಾವ. "ಒಳಗೆ ಒಂದು ಮನೇನೇ ಇದೆ."

"ಇರ್ಲಿ, ಬೇಡ ಅಂದೋರು ಯಾರು? ಆದ್ರೆ ಮನೆ ಅಂದ್ಮೇಲೆ ಒಂದು ಕಡೆ ನಿಲ್ಲೋದು ಕಲಿಬೇಕು. ಹದಿನೈದು ದಿನ ಟೈಮು. ಆಗ್ಲೂ ಹಿಂಗೇ ಆದ್ರೆ ನಂಬರ್ ರದ್ದು. ಗುಜರಿ ಅಂಗಡಿ ಈ ಗೋಡೆ ಆಚೇನೇ ಇದೆ, ತಳ್ಕೊಂಡು ಹೋಗೋಕೂ ಸುಲಭ."

ಆ ಗೋಡೆಯ ಮೇಲೆ ಆಗಲೇ ಒಂದು ತಲೆ ಕಾಣಿಸಿಕೊಂಡು ಗಾಡಿಯನ್ನು ಕಣ್ಣಲ್ಲೇ ತೂಗುತ್ತಿತ್ತು.

ಈ ಗಾಡಿಯ ಪೂರ್ವಾಶ್ರಮ ಹೇಳದೆ ಕಥೆ ಮುಂದಕ್ಕೆ ಹೋಗುವಂತಿಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ, ಕಲ್ಲು ಗುಡ್ಡವನ್ನೂ ಹತ್ತಬಲ್ಲ ಭಾರಿ ವ್ಯಾನು ಅದು. ಹಿಂದೆ ಸಂಚಾರಿ ಹಲ್ಲಿನ ಆಸ್ಪತ್ರೆಯಾಗಿತ್ತು. ಏಳು ವರ್ಷದ ಕೆಳಗೆ ಭಾವ ಹರಾಜಿನಲ್ಲಿ ಹಿಡಿದರು. "ಮನೇನೇ ಕಟ್ಕೊಂಡು ದೇಶ ಸುತ್ತೋಣ" ಎಂದು ಅಂದಿನಿಂದ ಪ್ರತಿ ಭಾನುವಾರ ಅದರೊಳಗೆ ಸುತ್ತಿಗೆ ಹಿಡಿದು ಕೂತರು. ಮಂಚ ಬಂತು, ಎರಕದ ಒಲೆ ಬಂತು, ಮುನ್ನೂರು ಲೀಟರಿನ ನೀರಿನ ಟ್ಯಾಂಕು ಬಂತು, ಕಲ್ಲಿನ ಅಡುಗೆ ಕಟ್ಟೆ ಬಂತು, ಒಂದೇ ಒಂದು ನಕ್ಷೆ ಇಡುವುದಕ್ಕೆ ತೇಗದ ಬೀರು ಬಂತು. ಹಲ್ಲು ಕೀಳುವ ಕುರ್ಚಿಯನ್ನು ಮಾತ್ರ ಕೀಳಲಾಗಲಿಲ್ಲ. ಅದನ್ನು ತಳಕ್ಕೇ ಬೆಸುಗೆ ಹಾಕಿದ್ದರು. "ಅತಿಥಿಗಳಿಗೆ ಇರಲಿ" ಎಂದರು ಭಾವ. ಏಳು ವರ್ಷದಲ್ಲಿ ಗಾಡಿ ದೇಶ ಸುತ್ತಿದ್ದು ಡೀಸೆಲ್ ಬಂಕಿನವರೆಗೆ. ಅಕ್ಕ ಅದನ್ನು ಸವತಿ ಎನ್ನುತ್ತಿದ್ದಳು. ಭಾವ ಬಂಕಿನಿಂದ ವಾಪಸು ಬಂದರೆ, "ಏನ್ರೀ, ಸವತಿ ಊಟ ಮಾಡಿದ್ಳಾ?" ಎಂದೇ ವಿಚಾರಿಸುತ್ತಿದ್ದಳು.

ಭಾವ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಅಚ್ಚಾದ ಅಕ್ಷರಕ್ಕೆ ಅವರು ಕೊಡುವ ಮರ್ಯಾದೆಯನ್ನು ಹೆತ್ತವರಿಗೂ ಕೊಟ್ಟವರಲ್ಲ. ಮಾತ್ರೆ ಡಬ್ಬಿಯೊಳಗೆ ಮಡಿಸಿಟ್ಟ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದುವ ಮನುಷ್ಯನನ್ನು ನಾನು ಕಂಡಿದ್ದು ಅವರೊಬ್ಬರನ್ನೇ. ಓದಿ ಮುಗಿಯುವಷ್ಟರಲ್ಲಿ ಜ್ವರ ತಾನಾಗಿ ಬಿಟ್ಟಿರುತ್ತಿತ್ತು.

ತಪಾಸಣೆಯಿಂದ ಗಾಡಿ ನೇರ ಗ್ಯಾರೇಜಿಗೆ ಹೋಯಿತು. ಆ ಗ್ಯಾರೇಜಿನ ಒಡತಿಯನ್ನು ಎಲ್ಲರೂ ಸ್ಪ್ಯಾನರ್ ಅಕ್ಕ ಎನ್ನುತ್ತಾರೆ. ಅವರು ಗಾಡಿಯ ಕೆಳಗೆ ನುಗ್ಗಿ, ಟಾರ್ಚು ಬಿಟ್ಟು, ಹೊರಗೆ ಬಂದು ಕೈ ಒರೆಸಿಕೊಂಡರು.

"ಸಾರ್, ಆನೆಗೆ ಆಡು ಕಟ್ಟೋ ಹಗ್ಗ ಹಾಕಿದೀರ. ಬ್ರೇಕಿನ ಡಿಸ್ಕು, ಅದೇ ಚಕ್ರದ ಜೊತೆ ತಿರುಗೋ ತಟ್ಟೆ, ದೊಡ್ಡದು ಹಾಕ್ಬೇಕು. ಡಿಸ್ಕು ದೊಡ್ಡದಾದ್ರೆ ಅದನ್ನ ಹಿಡಿಯೋ ಕ್ಯಾಲಿಪರ್ರೂ ದೊಡ್ಡದು. ಕ್ಯಾಲಿಪರ್ ದೊಡ್ಡದಾದ್ರೆ ಹಳೇ ಚಕ್ರದೊಳಗೆ ಕೂರಲ್ಲ, ಅದಕ್ಕೆ ಚಕ್ರಾನೂ ದೊಡ್ಡದು. ಚಕ್ರ ದೊಡ್ಡದಾದ್ರೆ ಗಾಡಿ ನಾಲ್ಕು ಇಂಚು ಮೇಲೇಳುತ್ತೆ."

"ಆಗ ಹತ್ತೋದು ಹೆಂಗೆ?"

"ಸ್ಟೂಲು ಹಾಕ್ಕೊಳಿ."

ಆ ಹದಿನೈದು ದಿನ ಭಾವ ನೆಲದ ಮೇಲೆ ನಡೆಯಲಿಲ್ಲ. ಅವರ ಬಾಯಲ್ಲಿ ಪಿಸ್ಟನ್ನು, ಪ್ಯಾಡು, ಉಕ್ಕಿನ ಹೆಣಿಗೆಯ ಪೈಪು ಬಿಟ್ಟರೆ ಬೇರೆ ಮಾತಿಲ್ಲ. ಕ್ಷೌರದಂಗಡಿಯಲ್ಲಿ ಕೂತು, ಅಕ್ಕನ ಅಡುಗೆಮನೆಯಿಂದ ಒಯ್ದ ದೊಡ್ಡ ತಟ್ಟೆಯನ್ನು ಎತ್ತಿ ಹಿಡಿದು, "ಡಿಸ್ಕು ಇಷ್ಟಗಲ!" ಎಂದು ಸಾರಿದರು. ಆ ತಟ್ಟೆ ಇವತ್ತಿಗೂ ವಾಪಸು ಬಂದಿಲ್ಲ. ಕ್ಷೌರದವನು ಅದರಲ್ಲಿ ಸೋಪಿನ ನೊರೆ ಕಲಸುತ್ತಾನೆ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಭಾವ ನಮ್ಮಪ್ಪನ ಹತ್ತಿರವೂ ಜಂಬ ಕೊಚ್ಚಿಕೊಂಡರು. ಅಪ್ಪ ನಿವೃತ್ತ ಸ್ಟೇಷನ್ ಮಾಸ್ಟರು. ಅಳಿಯನ ಗಾಡಿಯನ್ನು ಅವರು ಏಳು ವರ್ಷದಿಂದ "ಆ ಸಾಮಾನು" ಎಂದೇ ಕರೆಯುತ್ತಿದ್ದರು.

"ಮಾವ, ಮಂಗಳವಾರ ಎಂಟೂವರೆಗೆ ಸರಿಯಾಗಿ ಮನೆ ಮುಂದಿನ ಬಸ್ ಸ್ಟಾಪಲ್ಲಿ ನಿಂತಿರಿ. ಗಾಡೀನ ತಂದು ನಿಮ್ಮ ಚಪ್ಪಲಿ ತುದಿಗೆ ನಿಲ್ಲಿಸ್ತೀನಿ. ಅಲ್ಲಿಂದ ಒಟ್ಟಿಗೇ ತಪಾಸಣೆಗೆ ಹೋಗೋಣ. ನೀವೇ ಕಣ್ಣಾರೆ ನೋಡೋರಂತೆ."

"ನೋಡೋಣ ಅಳಿಯಂದ್ರೆ," ಎಂದರು ಅಪ್ಪ. "ಮೂವತ್ನಾಲ್ಕು ವರ್ಷದಲ್ಲಿ ನಿಲ್ಲಬೇಕಾದ ಗಾಡಿ ಯಾವುದೂ ನನ್ನ ಮುಂದೆ ನಿಲ್ಲದೆ ಹೋಗಿಲ್ಲ."

ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಾನೂ ಭಾವನೂ ಗ್ಯಾರೇಜಿನಲ್ಲಿದ್ದೆವು. ಚಕ್ರ ಬಂದಿದ್ದು ತಡವಾಗಿ, ಕೆಲಸ ಮುಗಿದಿದ್ದು ಆಗಷ್ಟೇ. ತಪಾಸಣೆ ಹತ್ತೂವರೆಗೆ. ಸ್ಪ್ಯಾನರ್ ಅಕ್ಕ ಕೀಲಿಯ ಜೊತೆಗೆ ಒಂದು ಅಚ್ಚಾದ ಕಾಗದ ಕೊಟ್ಟರು.

"ಹೊಸ ಬ್ರೇಕನ್ನ ಪಳಗಿಸ್ಬೇಕು ಸಾರ್. ಅರವತ್ತರ ಸ್ಪೀಡಿಗೆ ಹೋಗಿ ಹತ್ತಕ್ಕೆ ಇಳಿಸ್ಬೇಕು. ಪೂರ್ತಿ ನಿಲ್ಲಿಸ್ಬಾರ್ದು. ಮತ್ತೆ ಅರವತ್ತು, ಮತ್ತೆ ಹತ್ತು. ಹಿಂಗೆ ಮೂವತ್ತು ಸಲ. ಆಮೇಲೆ ಹತ್ತು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ಆರಿಸ್ಬೇಕು. ಕಾದ ಡಿಸ್ಕಿನ ಮೇಲೆ ಒತ್ತಿ ನಿಲ್ಲಿಸಿದ್ರೋ, ಅದನ್ನ ಒತ್ತಿ ಹಿಡಿಯೋ ಪ್ಯಾಡು ಅಲ್ಲೇ ಅಂಟಿ ಕಲೆ ಕೂರುತ್ತೆ. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಗಾಡಿ ನಡುಗುತ್ತೆ. ಇವತ್ತು ಪರೀಕ್ಷೆಲೂ ಫೇಲು."

ಭಾವ ಕಾಗದವನ್ನು ಎರಡು ಸಲ ಓದಿ, ಎದೆಗೊತ್ತಿಕೊಂಡು, ಜೇಬಿಗಿಟ್ಟರು. ನಾನು ಗಡಿಯಾರ ರಿಪೇರಿಯವನು. ಎಣಿಸುವುದಕ್ಕೆ ನಾನೇ ಯೋಗ್ಯ ಎಂದು ಪಕ್ಕದಲ್ಲಿ ಕೂರಿಸಿಕೊಂಡು, ಮೂವತ್ತು ಬೆಂಕಿಕಡ್ಡಿ ಎಣಿಸಿ ಸ್ಟೇರಿಂಗಿನ ಮುಂದಿನ ಹಲಗೆಯ ಎಡಕ್ಕೆ ಇಟ್ಟರು. "ಒಂದು ಸಲಕ್ಕೆ ಒಂದು ಕಡ್ಡಿ ಬಲಕ್ಕೆ. ತಿಳೀತಾ?"

"ಯಾವ ರಸ್ತೆ ಭಾವ?"

"ನೇರವಾದ ರಸ್ತೆ ಅಂತ ಬರೆದಿದೆ. ನಮ್ಮ ಮನೆ ಮುಂದಿನ ರಸ್ತೆಗಿಂತ ನೇರ ಯಾವುದಿದೆಯೋ?"

ಅದು ನಿಜ. ಊರಂಚಿನ ಆ ರಸ್ತೆ ಅಡಿಕೋಲಿನಂತಿದೆ, ಎರಡು ತುದಿಗೂ ತಿರುಗುವುದಕ್ಕೆ ದೊಡ್ಡ ವೃತ್ತವಿದೆ. ಆದರೆ ನಾಲ್ಕೂವರೆ ಟನ್ನಿನ ಮನೆ ಅರವತ್ತು ಮುಟ್ಟಬೇಕಾದರೆ ಅರ್ಧ ರಸ್ತೆ ಬೇಕು. ಎತ್ತಲಿಂದ ಬಂದರೂ ಆ ಅರ್ಧ ಮುಗಿಯುವುದು ಸರಿಯಾಗಿ ನಮ್ಮ ಬಸ್ ಸ್ಟಾಪಿನ ಹತ್ತಿರವೇ. ಇದು ಆ ಕಾಗದದಲ್ಲಿ ಬರೆದಿರಲಿಲ್ಲ. ಬರೆಯದೇ ಇದ್ದದ್ದು ಭಾವನ ಕಣ್ಣಿಗೆ ಬೀಳುವುದಿಲ್ಲ.

ಮೊದಲ ಸಲ ಬರುವಾಗ ಅಪ್ಪ ನಿಂತಿದ್ದರು. ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಫ್ಲಾಸ್ಕು. ಗಾಡಿ ಗುಡುಗುತ್ತ ಬಂತು. ಭಾವ ಬ್ರೇಕು ಒತ್ತಿದರು. ಮೂವತ್ತು ಕಡ್ಡಿಯೂ ಗಾಜಿಗೆ ಹೋಗಿ ಬಡಿದವು. ಗಾಡಿ ಅಪ್ಪನ ಚಪ್ಪಲಿ ತುದಿಗೆ ಬಂದು, ಹತ್ತಕ್ಕೆ ಇಳಿದು, ಅಪ್ಪ ತೃಪ್ತಿಯಿಂದ ತಲೆಯಾಡಿಸಿ ಬಾಗಿಲ ಹಿಡಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ಓಡಿತು.

"ಮಾವ, ಈಗ ನಿಲ್ಲೋ ಹಾಗಿಲ್ಲ!" ಎಂದು ಭಾವ ಕಿಟಕಿಯಿಂದ ಕೂಗಿದರು.

ಎರಡನೆಯ ಸಲ ಅಪ್ಪ ಕೈ ಅಡ್ಡ ಹಿಡಿದರು. ಗಾಡಿ ತಗ್ಗಿತು, ಓಡಿತು. ಮೂರನೆಯ ಸಲ ಅಪ್ಪನ ಮುಖ ಕೋಟಿನ ಒಳಪದರದಷ್ಟು ಕೆಂಪಗಾಗಿತ್ತು.

"ಎಷ್ಟೊತ್ತಯ್ಯಾ ಇದು?"

"ಇನ್ನೂ ಇಪ್ಪತ್ತೇಳು ಸಲ ಮಾವ!"

ಹತ್ತರ ಸ್ಪೀಡಿನಲ್ಲಿ ಹೋಗುವ ಗಾಡಿಯಿಂದ ಒಂದು ಸಲಕ್ಕೆ ಒಂದೇ ವಾಕ್ಯ ಹೇಳಬಹುದು. ಉಳಿದದ್ದನ್ನು ನಮ್ಮ ಬೀದಿಯವರೇ ತುಂಬಿಕೊಂಡರು. ಎದುರು ಮನೆಯ ಮೇಲಿನ ಬಾಲ್ಕನಿ ಆಂಟಿ ಮೊದಲ ಷರಾ ಬರೆದರು. "ಬ್ರೇಕ್ ಹೋಗ್ಬಿಟ್ಟಿದೆ! ಅರ್ಧ ಹಿಡಿಯುತ್ತೆ, ಅರ್ಧ ಹಿಡಿಯಲ್ಲ. ಇಪ್ಪತ್ತೇಳು ಸುತ್ತಿಗೆ ಡೀಸೆಲ್ ಮುಗಿಯುತ್ತೆ, ಆಗ ತಾನಾಗೇ ನಿಲ್ಲುತ್ತೆ. ಅಷ್ಟರ ತನಕ ಯಾರೂ ರಸ್ತೆ ದಾಟ್ಬೇಡಿ!"

ಆರನೆಯ ಸಲಕ್ಕೆ ಕ್ಷೌರದವನು ಹೊರಗೆ ಬಂದಿದ್ದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಗಿರಾಕಿಯೂ ಬಂದಿದ್ದ. "ತಟ್ಟೆ ಅಷ್ಟು ದೊಡ್ಡದು ತೋರಿಸ್ದಾಗ್ಲೇ ನಂಗೆ ಡೌಟಿತ್ತು!" ಎಂದು ಕ್ಷೌರದವನು ಕೂಗಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

"ಏನಂತೆ ಅವಂದು?" ಎಂದರು ಭಾವ.

"ತಟ್ಟೆ ನೆನಪಾಯ್ತಂತೆ."

ಒಂಬತ್ತನೆಯ ಸಲ ಟ್ರಾಫಿಕ್ ಕಾನ್‌ಸ್ಟೇಬಲ್ ಕೈಯೆತ್ತಿ ನಿಂತಿದ್ದ. ಗಾಡಿ ತಗ್ಗಿದ್ದನ್ನು ಕಂಡು ಅವನ ಎದೆ ಉಬ್ಬಿತು. ಗಾಡಿ ಮುಂದೆ ಹೋದಾಗ ಆ ಉಬ್ಬು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಹತ್ತನೆಯ ಸಲ ಅವನು ಪುಸ್ತಕ ಹಿಡಿದು ಪಕ್ಕದಲ್ಲೇ ಓಡಿದ.

"ಗಾಡಿ ಸೈಡಿಗೆ ಹಾಕ್ರೀ!"

"ಹಾಕ್ತೀನಿ ಸಾರ್, ಒಂಬತ್ತೂವರೆಗೆ!"

ಹನ್ನೊಂದನೆಯ ಸಲ: "ಲೈಸೆನ್ಸು?" ಭಾವ ಕಿಟಕಿಯಿಂದ ಕೊಟ್ಟರು. ಹನ್ನೆರಡನೆಯ ಸಲ: "ಇದ್ರಲ್ಲಿರೋ ಫೋಟೋ ನಿಮ್ದಲ್ಲ!" ಹದಿಮೂರನೆಯ ಸಲ: "ಆಗ ಕೂದ್ಲಿತ್ತು ಸಾರ್!" ಹೀಗೆ ವಿಚಾರಣೆ ಕ್ರಮಬದ್ಧವಾಗಿಯೇ ನಡೆಯಿತು. ಎರಡು ನಿಮಿಷಕ್ಕೊಂದು ಪ್ರಶ್ನೆ, ಎರಡು ನಿಮಿಷಕ್ಕೊಂದು ಉತ್ತರ. ಎಷ್ಟೋ ಕಚೇರಿಗಳಲ್ಲಿ ಇದಕ್ಕಿಂತ ನಿಧಾನ.

ಹದಿನಾಲ್ಕಕ್ಕೆ ಅಕ್ಕ ಬಂದಳು. ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ನಿಲ್ತೀರೋ ಇಲ್ವೋ?"

"ನಿಲ್ಲಲ್ಲ ಕಣೇ!"

ಹದಿನೈದಕ್ಕೆ ಕಾಣಲಿಲ್ಲ. ಹದಿನಾರಕ್ಕೆ ತಿಂಡಿ ಡಬ್ಬಿ ಹಿಡಿದು ಪಕ್ಕದಲ್ಲಿ ಓಡೋಡಿ ಬಂದು ನನ್ನ ಮಡಿಲಿಗೆ ಎಸೆದಳು. "ಸಾಯೋದಾದ್ರೂ ತಿಂದ್ಕೊಂಡು ಸಾಯಿರಿ ಇಬ್ರೂ!" ಕೋಪದಲ್ಲೂ ಎರಡು ಚಮಚ ಇಟ್ಟಿದ್ದಳು.

ತಿನ್ನುತ್ತಲೇ ಹಿಂದಿರುಗಿ ನೋಡಿದೆ. ಬೀದಿಯ ಮನೆಮನೆಯಿಂದ ಹಾಸಿಗೆಗಳು ಹೊರಗೆ ಬರುತ್ತಿದ್ದವು. ಕಾನ್‌ಸ್ಟೇಬಲ್ ಅವುಗಳನ್ನು ರಸ್ತೆಗೆ ಅಡ್ಡ ಪೇರಿಸುವುದಕ್ಕೆ ಕೈ ತೋರಿಸುತ್ತಿದ್ದ.

"ಭಾವ, ಅವ್ರು ನಮ್ಮನ್ನ ಹಾಸಿಗೆಗೆ ಗುದ್ದಿಸಿ ನಿಲ್ಲಿಸೋಕೆ ಹೊರಟಿದಾರೆ!"

ಭಾವನ ಮುಖ ಬಿಳುಪೇರಿತು. ಈಗ ನಿಂತರೆ ಡಿಸ್ಕಿಗೆ ಕಲೆ, ಗಾಡಿಗೆ ನಡುಕ, ಪರೀಕ್ಷೆಗೆ ನಾಮ. ಗೋಡೆಯಾಚೆಯ ಆ ತಲೆಗೆ ಹಬ್ಬ. ಏಳು ವರ್ಷದ ಭಾನುವಾರಗಳೆಲ್ಲ ಕಿಲೋ ಲೆಕ್ಕದಲ್ಲಿ ಹೋಗುತ್ತವೆ. "ಬರಿ!" ಎಂದರು. "ಎಲ್ಲಾ ವಿವರವಾಗಿ ಬರೆದು ಡಬ್ಬೀಲಿ ಹಾಕಿ ನಿಮ್ಮಪ್ಪಂಗೆ ಎಸಿ!"

ಬರೆದೆ. ಎಸೆಯುವುದಕ್ಕೆ ಕೈಯೆತ್ತಿದೆ.

"ಓದು ಮೊದಲು."

"ಬ್ರೇಕು ಸರಿಯಾಗಿದೆ. ಹೊಸ ಬ್ರೇಕನ್ನು ಪಳಗಿಸುತ್ತಿದ್ದೇವೆ. ಮೂವತ್ತು ಸಲ ಮುಗಿಯುವ ತನಕ ನಿಲ್ಲುವಂತಿಲ್ಲ. ನಿಂತರೆ ಗಾಡಿ ಗುಜರಿಗೆ."

"ಬ್ರೇಕು ಬ್ರೇಕು ಅಂತ ಎರಡು ಸಲ ಬಂತಲ್ಲೋ. ಕಿವಿಗೆ ಚೆನ್ನಾಗಿಲ್ಲ."

"ಭಾವ, ಹಾಸಿಗೆ!"

"ಇರ್ಲಿ ಕಣೋ. ತಪ್ಪು ತಪ್ಪಾಗಿ ಹೊರಗೆ ಹೋದ್ರೆ ನನ್ನ ಮರ್ಯಾದೆ ಏನು? ತಾರೀಖು ಹಾಕಿದ್ಯಾ?"

ತಾರೀಖು ಹಾಕುವುದಕ್ಕೆ ಒಂದು ಸಲ, "ಪೂಜ್ಯ ಮಾವನವರಿಗೆ" ಸೇರಿಸುವುದಕ್ಕೆ ಒಂದು ಸಲ, ಎರಡನೆಯ ಬ್ರೇಕು ತೆಗೆದು ಮತ್ತೆ ಹಾಕುವುದಕ್ಕೆ ಒಂದು ಸಲ. ಇಪ್ಪತ್ತೆರಡನೆಯ ಸಲ ಡಬ್ಬಿ ಹಾರಿತು. ಅಕ್ಕ ಹಿಡಿದಳು, ಅಪ್ಪನಿಗೆ ಕೊಟ್ಟಳು. ಅಪ್ಪ ಕನ್ನಡಕ ಹುಡುಕುತ್ತಿದ್ದದ್ದು ಕನ್ನಡಿಯಲ್ಲಿ ಕಾಣಿಸಿತು. ಅಷ್ಟರಲ್ಲಿ ನಾವು ಆ ತುದಿಗೆ ಹೋಗಿದ್ದೆವು.

ಇಪ್ಪತ್ಮೂರನೆಯ ಸಲಕ್ಕೆ ತಿರುಗಿದಾಗ ದೂರದಲ್ಲಿ ಎದೆಯೆತ್ತರದ ಹಾಸಿಗೆಯ ಗೋಡೆ ಎದ್ದಿತ್ತು. ಸ್ಪೀಡು ನಲವತ್ತು. ಐವತ್ತು. ಅಪ್ಪ ಎಲ್ಲೂ ಕಾಣಲಿಲ್ಲ.

"ಏನ್ಮಾಡ್ಲೋ?" ಎಂದು ಭಾವ ಜೇಬಿನ ಕಾಗದ ಮುಟ್ಟಿಕೊಂಡರು. ಕಾಗದದಲ್ಲಿ ಹಾಸಿಗೆಯ ಪ್ರಸ್ತಾಪವೇ ಇರಲಿಲ್ಲ.

ಆಗ ಸೀಟಿ ಕೇಳಿಸಿತು. ಉದ್ದ ಒಂದು, ಗಿಡ್ಡ ಎರಡು. ಹತ್ತು ವರ್ಷದಿಂದ ಛತ್ರಿಯ ಸ್ಟ್ಯಾಂಡಿನಲ್ಲಿ ಮಲಗಿದ್ದ ಹಸಿರು ಬಾವುಟ ಹಿಡಿದು ಅಪ್ಪ ಮನೆಯಿಂದ ಹೊರಗೆ ಬಂದಿದ್ದರು. ಕಂಕುಳಲ್ಲಿ ಕೆಂಪು ಬಾವುಟ. ನಡಿಗೆಯಲ್ಲಿ ಅವಸರವೇ ಇಲ್ಲ.

"ಲೈನ್ ಕ್ಲಿಯರ್ ಮಾಡ್ರೀ!" ಅವರ ಧ್ವನಿ ಬೀದಿಯ ಎರಡು ತುದಿಗೂ ಹೋಯಿತು. "ಇದು ನಮ್ಮ ಸ್ಟೇಷನ್ನಲ್ಲಿ ನಿಲ್ಲೋ ಗಾಡಿ ಅಲ್ಲ! ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ? ಎಳೀರಿ ಹಾಸಿಗೆ!"

ಕಾನ್‌ಸ್ಟೇಬಲ್ ಏನೋ ಹೇಳುವುದಕ್ಕೆ ಬಾಯಿ ತೆರೆದ. ಅಪ್ಪ ಅವನ ಮುಖದೆದುರೇ ಸೀಟಿ ಊದಿದರು. ಅವನೂ ಒಂದು ಹಾಸಿಗೆ ಎಳೆದ. ಕೊನೆಯ ಹಾಸಿಗೆ ಎಳೆಯುತ್ತಿದ್ದ ಕ್ಷೌರದವನು ಅದರ ಮೇಲೇ ಬಿದ್ದು, ಹಾಸಿಗೆಯ ಸಮೇತ ಚರಂಡಿಯ ಅಂಚಿಗೆ ಸೇರಿದ. ಗಾಡಿ ಹತ್ತಕ್ಕೆ ಇಳಿದು ಅಪ್ಪನ ಹಸಿರು ಬಾವುಟದ ಎದುರು ವಿನಯದಿಂದ ಹಾದುಹೋಯಿತು. ಭಾವ ಅಳುವ ದನಿಯಲ್ಲಿ, "ನಮಸ್ಕಾರ ಮಾವ!" ಎಂದರು.

ಅಲ್ಲಿಂದ ಬೀದಿಯ ಆಡಳಿತ ಅಪ್ಪನದು. ಹಿಂದೆ ನಿಲ್ಲದೆ ಹೋಗುವ ರೈಲಿನ ಡ್ರೈವರಿಗೆ ದೊಡ್ಡ ಬಳೆಯಂಥ ಕಡಗಕ್ಕೆ ಮುಂದಿನ ದಾರಿಯ ಅಪ್ಪಣೆಯಾದ ಟೋಕನ್ ಕಟ್ಟಿ ಎತ್ತಿ ಹಿಡಿಯುತ್ತಿದ್ದರಂತೆ, ಡ್ರೈವರು ಅದರೊಳಗೆ ತೋಳು ತೂರಿಸಿ ಎತ್ತಿಕೊಂಡು ಹೋಗುತ್ತಿದ್ದನಂತೆ. ಬಾಲ್ಕನಿ ಆಂಟಿ ತಮ್ಮ ಮೊಮ್ಮಗಳು ಸೊಂಟಕ್ಕೆ ಹಾಕಿ ತಿರುಗಿಸುವ ಆಟದ ಬಳೆಯನ್ನು ಹಗ್ಗ ಕಟ್ಟಿ ಕೆಳಗಿಳಿಸಿದರು. ಕಾನ್‌ಸ್ಟೇಬಲ್ ಕೈಯಲ್ಲಿದ್ದ ಲೈಸೆನ್ಸನ್ನು ಅದಕ್ಕೆ ಕಟ್ಟಿ ಅಪ್ಪ ಎತ್ತಿ ಹಿಡಿದರು. ಇಪ್ಪತ್ತೈದನೆಯ ಸಲ ನಾನು ತೋಳು ತೂರಿಸಿದೆ. ಬೀದಿ ಚಪ್ಪಾಳೆ ತಟ್ಟಿತು. ಇಪ್ಪತ್ತಾರಕ್ಕೆ ಫ್ಲಾಸ್ಕು ಬಂತು. ಇಪ್ಪತ್ತೇಳಕ್ಕೆ ಬಾಲ್ಕನಿ ಆಂಟಿ, "ನಾನು ಮೊದ್ಲೇ ಹೇಳಿರ್ಲಿಲ್ವಾ, ಬ್ರೇಕು ಗಟ್ಟಿಯಾಗಿದೆ ಅಂತ?" ಎನ್ನುವುದು ಕೇಳಿಸಿತು.

"ಮೂವತ್ತು!" ಎಂದೆ ನಾನು ಕೊನೆಗೆ.

ಭಾವ ಬಲಗಡೆಯ ಕಡ್ಡಿಗಳನ್ನು ಓರೆಗಣ್ಣಲ್ಲಿ ಎಣಿಸಿದರು. "ಇಪ್ಪತ್ತೊಂಬತ್ತೇ ಇದೆಯಲ್ಲೋ."

"ಒಂದು ಎಲ್ಲೋ ಬಿದ್ದಿದೆ ಭಾವ. ಎಡಗಡೆ ಖಾಲಿ ನೋಡಿ. ನನ್ನಾಣೆ, ಮೂವತ್ತು."

ನಂಬದೆ ನಂಬಿದರು. ಇನ್ನು ಹತ್ತು ಕಿಲೋಮೀಟರು ಬ್ರೇಕು ಮುಟ್ಟುವಂತಿಲ್ಲ. ತಪಾಸಣೆಯ ಅಂಗಳ ಒಂಬತ್ತು ಕಿಲೋಮೀಟರು.

"ಹತ್ತಿಬಿಡಿ ಮಾವ, ನಿಧಾನ ಮಾಡ್ತೀನಿ!"

"ಚಲಿಸೋ ಗಾಡಿ ಹತ್ಬೇಡಿ ಅಂತ ಮೂವತ್ನಾಲ್ಕು ವರ್ಷ ಮೈಕಲ್ಲಿ ಕೂಗಿದೀನಿ. ಇವತ್ತು ನಾನೇ ಹತ್ಲಾ?" ಎಂದು ಅಪ್ಪ ಕಾನ್‌ಸ್ಟೇಬಲ್ಲನ ಬೈಕಿನ ಹಿಂದೆ ಹತ್ತಿದರು. ಕೆಂಪು ಬಾವುಟ ಅಕ್ಕನ ಕೈಗೆ ಕೊಟ್ಟರು, "ಇದು ಇವತ್ತು ಬೇಡ."

ಒಂಬತ್ತು ಕಿಲೋಮೀಟರೂ ಬೈಕು ಮುಂದೆ, ಹಸಿರು ಬಾವುಟ ಬೈಕಿನ ಮೇಲೆ, ನಾವು ಹಿಂದೆ. ಪ್ರತಿ ವೃತ್ತದಲ್ಲೂ ಜನ ಯಾರೋ ಮಂತ್ರಿ ಬಂದರೆಂದು ಸರಿದು ನಿಂತರು. ಭಾವ ಒಂದೆರಡು ಕಡೆ ಕೈ ಬೀಸಿಯೂ ಬೀಸಿದರು.

ಅಂಗಳ ಹೊಕ್ಕಾಗ ಇನ್ನೂ ಒಂದು ಕಿಲೋಮೀಟರು ಬಾಕಿ ಇತ್ತು. ಇನ್‌ಸ್ಪೆಕ್ಟರು ಹೊಸ ಕುರ್ಚಿಯಲ್ಲಿ ಕೂತಿದ್ದರು. ಗಾಡಿ ಅವರ ಸುತ್ತ ಪ್ರದಕ್ಷಿಣೆ ಆರಂಭಿಸಿತು.

"ಏನ್ರೀ, ಇನ್ನೂ ಯೋಚನೆ ಮಾಡ್ತಾ ಇದೆಯಾ?"

"ಮುಗಿಸ್ತಾ ಇದೆ ಸಾರ್! ಇನ್ನು ಆರು ಸುತ್ತು!"

ಗೋಡೆಯ ಮೇಲಿನ ತಲೆಯೂ ಗಾಡಿಯ ಜೊತೆಗೇ ಸುತ್ತುತ್ತಿತ್ತು.

ಪರೀಕ್ಷೆಗೆ ಇನ್‌ಸ್ಪೆಕ್ಟರು ಒಳಗೆ ಕೂರಬೇಕು. ಮುಂದೆ ನಾವಿಬ್ಬರು, ಹಿಂದೆ ಇದ್ದದ್ದು ಹಲ್ಲು ಕೀಳುವ ಆ ಒಂದೇ ಕುರ್ಚಿ. ಅವರು ಸ್ಟೂಲು ಹತ್ತಿ, ಸಂಶಯದಿಂದ ನೋಡಿ, ಕೂತರು. ಭಾವ ಅಂಗಳದ ತುದಿಯಿಂದ ಆದಷ್ಟು ಜೋರಾಗಿ ಬಂದು, ಗೆರೆ ಕಂಡ ತಕ್ಷಣ ಬ್ರೇಕು ಒತ್ತಿದರು. ಈ ಸಲ ಬಿಡಲಿಲ್ಲ.

ಗಾಡಿ ಮೊಳೆ ಹೊಡೆದಂತೆ ನಿಂತಿತು. ಗೆರೆಗೆ ಇನ್ನೂ ಎರಡು ಮಾರು ಇತ್ತು. ನಡುಕವಿಲ್ಲ, ನಿಟ್ಟುಸಿರಿಲ್ಲ. ಟ್ಯಾಂಕಿನ ಮುನ್ನೂರು ಲೀಟರು ಮಾತ್ರ ಗಳಗಳ ಎಂದಿತು. ಹಿಂದೆ ಏಳು ವರ್ಷದಿಂದ ತುಕ್ಕು ಹಿಡಿದಿದ್ದ ಕುರ್ಚಿಯ ಕೀಲು ಕಳಚಿ ಅದು ಹಾಸಿಗೆಯಂತೆ ಮಲಗಿತು, ಮೇಲಿನ ದೀಪ ಹತ್ತಿತು. ಇನ್‌ಸ್ಪೆಕ್ಟರು ಅಂಗಾತ ಮಲಗಿ, ಬಾಯಿ ತೆರೆದು, ದೀಪ ನೋಡುತ್ತಿದ್ದರು.

"ಸಾರ್?"

"ನಿಂತಿದೆ," ಎಂದರು ಅವರು. "ಪೆನ್ನು ಕೊಡಿ." ಮಲಗಿಕೊಂಡೇ ಸಹಿ ಹಾಕಿದರು. ಗೋಡೆಯ ಮೇಲಿನ ತಲೆ ಕೆಳಗಿಳಿಯಿತು.

ವಾಪಸು ಬರುವಾಗ ಆ ಕುರ್ಚಿಯಲ್ಲಿ ಅಪ್ಪ ಮಲಗಿದ್ದರು. "ಸಾಮಾನು ಪರವಾಗಿಲ್ಲ ಅಳಿಯಂದ್ರೆ," ಎಂದರು. ಭಾವ ಹಿಗ್ಗಿದರು.

ಬಸ್ ಸ್ಟಾಪಿನಲ್ಲಿ ಇಡೀ ಬೀದಿ ಕಾದಿತ್ತು, ಎಲ್ಲರ ಮುಂದೆ ಅಕ್ಕ. ಭಾವ ಗತ್ತಿನಿಂದ ಬಂದರು, ಬ್ರೇಕು ಒತ್ತಿದರು, ಹತ್ತಕ್ಕೆ ಇಳಿಸಿದರು. ಮತ್ತೆ ಮುಂದಕ್ಕೆ ಹೋಗಿಬಿಟ್ಟರು.

"ಭಾವ! ನಿಲ್ಲಬಹುದು ಈಗ!"

"ಅಯ್ಯೋ, ಕಾಲಿಗೆ ಅಭ್ಯಾಸ ಆಗೋಯ್ತಲ್ಲೋ!"

ತುದಿಯಲ್ಲಿ ತಿರುಗಿಸಿ ಬಂದಾಗ ಅಕ್ಕ ರಸ್ತೆಯ ನಟ್ಟನಡುವೆ ನಿಂತಿದ್ದಳು. ಕೈಯಲ್ಲಿ ಅಪ್ಪನ ಕೆಂಪು ಬಾವುಟ. ಭಾವ ಎರಡು ಕಾಲಲ್ಲೂ ಬ್ರೇಕು ಒತ್ತಿದರು. ಗಾಡಿ ನಿಂತಿತು. ಅಕ್ಕ ಬಗ್ಗಿ ತನ್ನ ಚಪ್ಪಲಿಯನ್ನೂ ಗಾಡಿಯ ಮೂತಿಯನ್ನೂ ನೋಡಿದಳು.

"ಚಪ್ಪಲಿ ತುದಿಗೆ ಅಂದಿದ್ರಿ. ಒಂದು ಗೇಣು ಹಿಂದೇನೇ ನಿಂತಿದೆಯಲ್ರೀ."

"ಹಂಗಂದ್ರೆ ಚೆನ್ನಾಗಿಲ್ವಾ?"

"ಚೆನ್ನಾಗಿಲ್ಲ ಅಂತ ಯಾರಂದ್ರು? ಸವತಿಗೂ ನನ್ನ ಕಂಡ್ರೆ ಭಯ ಇದೆ ಅಂದೆ."

ಬೀದಿ ನಕ್ಕಿತು, ಭಾವನೂ ನಕ್ಕರು. ಅದೇ ಹೊತ್ತಿಗೆ ಹಲಗೆಯ ಎಡಸಂದಿಯಿಂದ ಒಂದು ಬೆಂಕಿಕಡ್ಡಿ ಉರುಳಿಕೊಂಡು ಬಂದು ನನ್ನ ಮಡಿಲಿಗೆ ಬಿತ್ತು. ಎಡಗಡೆಯದು, ಬಲಕ್ಕೆ ಹೋಗದೇ ಉಳಿದ ಮೂವತ್ತನೆಯದು. ಭಾವ ನಗುತ್ತಲೇ ನನ್ನ ಕಡೆ ತಿರುಗುತ್ತಿದ್ದರು. ನಾನು ಕಡ್ಡಿಯನ್ನು ಬಾಯಿಗಿಟ್ಟುಕೊಂಡು, ಕಿಟಕಿಯಾಚೆ ನೋಡುತ್ತ, ನಿಧಾನವಾಗಿ ಹಲ್ಲುಸಂದಿ ಚುಚ್ಚಿಕೊಳ್ಳತೊಡಗಿದೆ.